ಹೊಗೆ ನಿಂತ ಚಿಮಣಿ, ಕೂಡಿಬಂದ ಸಂಬಂಧ

ಗೋಕಾಕದ ಹೊರಗೆ, ಗುಜರಿ ಕಬ್ಬಿಣ ಕರಗಿಸಿ ಉಕ್ಕು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಮೇಲ್ವಿಚಾರಕ. ಕರೆಂಟ್ ಉಳಿಸಬೇಕು, ಹೊಗೆ ಇಳಿಸಬೇಕು ಎಂದು ಮನಸ್ಸು ಮಾಡಿದ ದಿನದಿಂದ ಇಲ್ಲಿ ನಗುವಂಥದ್ದು ಒಂದಲ್ಲ ಒಂದು ನಡೆದೇ ಇದೆ. ನಗಲಾರದೆ ಇದ್ದವನು ನಮ್ಮ ಭಟ್ಟಿ ಮಿಸ್ತ್ರಿ ಒಬ್ಬನೇ. ಅವನಿಗೆ ಮೂಡಲಗಿ ಕಡೆಯ ಎರಡು ಸಂಬಂಧ ತಪ್ಪಿ, ಹುಕ್ಕೇರಿ ಕಡೆಯ ಮೂರನೆಯದು ಕೂಡಿಬರುವುದರಲ್ಲಿತ್ತು. ಕಾರ್ಖಾನೆ ನಡೆಯುತ್ತಿದೆಯೋ ಇಲ್ಲವೋ ನೋಡಿಯೇ ಮಾತು ಕೊಡುವೆನೆಂದು ಹುಡುಗಿಯ ಅಪ್ಪ ಹೇಳಿ ಕಳಿಸಿದ್ದರು.

೧. ಮುಚ್ಚಳ

ಭಟ್ಟಿಯ ಬಾಯಿ ತೆರೆದಿದ್ದರೆ ಶಾಖವೆಲ್ಲ ಮೇಲೆ ಹೋಗುತ್ತದೆ. ಅದಕ್ಕೆ ಮುಚ್ಚಳ ಮಾಡಿಸಿದೆವು. ಮಿಸ್ತ್ರಿ ಐದೈದು ನಿಮಿಷಕ್ಕೆ ಅದನ್ನು ಸರಿಸಿ ಇಣುಕುತ್ತಿದ್ದ.

"ಏನ್ ನೋಡ್ತಿಯೋ?"

"ಕರಗೈತೇನ್ ನೋಡಾಕತ್ತೇನ್ರಿ."

"ಮುಚ್ಚಿದ್ರ ಲಗೂ ಕರಗತೈತಿ."

"ಖರೆ ರಿ. ಆದ್ರ ಲಗೂ ಕರಗೈತಿ ಅಂತ ತಗದ ನೋಡಿದ್ರನ ಗೊತ್ತಾಗೂದಲ್ರಿ?"

೨. ಜಳಕ

ಮಣ್ಣು ಮೆತ್ತಿದ ಗುಜರಿ ಹಾಕಿದರೆ ಆ ಮಣ್ಣಿಗೂ ಕರೆಂಟ್ ದಂಡ. 'ಸ್ವಚ್ಛ ಮಾಲು ತಂದವರಿಗೆ ಮೊದಲ ಪಾಳಿ' ಎಂದು ಬೋರ್ಡ್ ಹಾಕಿದೆವು. ಮಮದಾಪುರದ ರೈತರೊಬ್ಬರು ಹಳೆಯ ನೇಗಿಲು, ಟ್ರಾಲಿಯ ಚಕ್ರ ಎಲ್ಲವನ್ನೂ ಕಾಲುವೆಯಲ್ಲಿ ಮುಳುಗಿಸಿ, ಸಾಬೂನು ಹಚ್ಚಿ ತಿಕ್ಕಿ, ನೀರು ಸೋರುತ್ತಿದ್ದಂತೆಯೇ ತಂದರು. ಹಸಿ ಕಬ್ಬಿಣ ಕಾದ ಭಟ್ಟಿಗೆ ಬಿದ್ದರೆ ಸಿಡಿಯುತ್ತದೆ. ಸಂಜೆಯ ತನಕ ಬಿಸಿಲಿಗೆ ಹರವಿರಿ ಎಂದೆ.

ಅವರಿಗೆ ಸಿಟ್ಟು ಬಂತು. "ಇಷ್ಟ ಚಂದ ಜಳಕ ನಾನ ಮಾಡಿಲ್ರಿ. ಈಗ ಮೈ ಒರಸೂದೂ ನನ್ನ ಪಾಲಿಗೇನು?"

೩. ಹೊಗೆ

ಹುಡುಗಿಯ ಅಪ್ಪ ಬಂದದ್ದು ಹೊಗೆ, ದೂಳು ಹಿಡಿಯುವ ಯಂತ್ರ ಕೂರಿಸಿದ ಮರುವಾರ. ಗೇಟಿನಲ್ಲೇ ನಿಂತು ಚಿಮಣಿಯತ್ತ ತಲೆಯೆತ್ತಿದರು.

"ಹೊಗಿನ ಇಲ್ಲಲ್ರಿ. ಬಂದ್ ಬಿದ್ದೈತೇನು?"

"ಇಲ್ರಿ ಕಾಕಾ, ನಡದೈತಿ," ಎಂದ ಮಿಸ್ತ್ರಿ. "ಹೊಗಿ ಬರಬಾರದಂತನ ಮಷೀನ್ ಹಾಕೇವ್ರಿ."

"ತಮ್ಮಾ, ಬೆಲ್ಲದ ಗಾಣ ನಡದ್ರೂ ಹೊಗಿ ಬರತೈತಿ. ನೀ ಕಬ್ಬಿಣ ಕುದಸ್ತೇನಿ ಅಂತಿ!"

ಒಳಗೆ ಬಂದು ನೋಡಿರೆಂದೆ. "ನನಗ ತೋರಸಾಕ ಒಂದಿನದ ಮಟ್ಟಿಗೆ ಬೆಂಕಿ ಯಾರ ಬೇಕಾದ್ರೂ ಹಚ್ಚತಾರ್ರಿ," ಎಂದು ಎದುರಿನ ಚಹಾದಂಗಡಿಗೆ ನಡೆದರು.

ಮಿಸ್ತ್ರಿಗೆ ದಿಕ್ಕು ತೋಚಲಿಲ್ಲ. ನನಗೂ ಹೇಳದೆ ಚಿಮಣಿಯ ಹಿಂದೆ ಕಬ್ಬಿನ ಹಸಿ ಸೋಗೆ-ರವದಿ ಒಟ್ಟಿ ಬೆಂಕಿ ಕೊಟ್ಟ. ಹೊಗೆ ಮುಗಿಲು ಮುಟ್ಟಿತು. ಅದೇ ಹೊತ್ತಿಗೆ ಮಾಲಿನ್ಯ ತಪಾಸಣೆಯ ಅಧಿಕಾರಿಯ ಜೀಪು ಬಂದು ಗೇಟಿನಲ್ಲಿ ನಿಂತಿತು.

"ಯಂತ್ರ ಹಾಕಿದ್ದೀವಿ ಅಂತ ಬರೆದುಕೊಟ್ಟಿದ್ದೀರಿ. ಇದೇನ್ರೀ ಇದು? ನಾಳೆಯೇ ಕಾರ್ಖಾನೆ ಬಂದ್ ಮಾಡಿಸ್ತೀನಿ!"

ಮಿಸ್ತ್ರಿಯ ಕಣ್ಣಲ್ಲಿ ನೀರಿತ್ತು. ಹೊಗೆಯದೋ, ಮೂರನೆಯ ಸಂಬಂಧದ್ದೋ. ಹುಡುಗಿಯ ಅಪ್ಪ ಚಹಾ ಬಿಟ್ಟು ಎದ್ದು ಬಂದರು. ಮುಗಿಯಿತು ಎಂದುಕೊಂಡೆ.

ಅವರು ಮಿಸ್ತ್ರಿಯ ಹೆಗಲ ಮೇಲೆ ಕೈ ಹಾಕಿದರು. "ಬಂದ್ ಬಿದ್ದ ಕಾರ್ಖಾನಿ ಬಂದ್ ಮಾಡಸಾಕ ಯಾರೂ ಜೀಪ್ ತಗೊಂಡ ಬರೂದಿಲ್ಲ. ನಡದೈತಿ, ಖರೆ ಆತು. ದಿನಾ ಗೊತ್ತ ಮಾಡೂಣು."

ಆಮೇಲೆ ಅಧಿಕಾರಿಯತ್ತ ತಿರುಗಿ ಕೈ ಮುಗಿದರು: "ಸಾಹೇಬ್ರ, ನಿಮ್ಮ ಮಾತಿನ ಮ್ಯಾಲ ಮಗಳನ್ನ ಕೊಡಾಕತ್ತೇನ್ರಿ. ಲಗ್ನ ಆಗೂತನಕರ ಬಂದ್ ಮಾಡಬ್ಯಾಡ್ರಿ."