ಗಂಟೆ ಬಾರಿಸುವ ಭೀಮಣ್ಣ ಮತ್ತು ನನ್ನ ಸಿಟ್ಟು

ಕೋರ್ಟಿನಲ್ಲಿ ವಕೀಲ ಸಿಟ್ಟಾಗುವ ಹಾಗಿಲ್ಲ. ಜಡ್ಜು ಏನೆಂದರೂ ತಲೆಯಾಡಿಸಿ ನುಂಗಿಕೊಳ್ಳಬೇಕು. ನಾನು ಹಾಗೆ ನುಂಗಿದ್ದೆಲ್ಲ ಮನೆಯಲ್ಲಿ, ಸಾರಿನಲ್ಲಿ ಉಪ್ಪು ಕಡಿಮೆ ಎಂಬ ನೆಪದಲ್ಲಿ ಹೊರಬೀಳುತ್ತದೆ. ಆದರೆ ನಮ್ಮ ಲಾ ಕಾಲೇಜಿನ ವಾರ್ಷಿಕೋತ್ಸವದ ಆಮಂತ್ರಣ ಬಂದ ದಿನ ನನಗೆ ಅಪ್ಪಟ ಕಾರಣವೇ ಸಿಕ್ಕಿತು.

ಹೈದರಾಬಾದಿನ ಅಷ್ಟು ಹಳೆಯ ಕಾಲೇಜು. ಅದರ ಪರಂಪರೆಯ ಬಗ್ಗೆ ಮಾತಾಡಲು ಮುಖ್ಯ ಅತಿಥಿ ಯಾರು? ಒಬ್ಬ ಸಾಫ್ಟ್‌ವೇರ್ ಕಂಪನಿ ಮಾಲೀಕ! ಆಗ ಊರಿಗೆ ಊರೇ ಕಂಪ್ಯೂಟರಿನ ಹುಚ್ಚು ಹಿಡಿಸಿಕೊಂಡಿತ್ತು, ಇರಲಿ. ಆದರೆ ಅಷ್ಟುದ್ದದ ಆಮಂತ್ರಣದಲ್ಲಿ ಭೀಮಣ್ಣನ ಹೆಸರೇ ಇಲ್ಲವಲ್ಲ!

ಭೀಮಣ್ಣ ಕಾಲೇಜಿನ ಪ್ಯೂನ್ ಆಗಿದ್ದವನು, ಯಾದಗಿರಿ ಕಡೆಯವನು. ನಾನಾಗ ಹಗಲು ಸನತ್‌ನಗರದ ಕಾರ್ಖಾನೆಯಲ್ಲಿ ಗುಮಾಸ್ತ, ಸಂಜೆ ಕಾನೂನು ವಿದ್ಯಾರ್ಥಿ. ಹಾಳು ಬಸ್ಸು ಎಂದೂ ಹೊತ್ತಿಗೆ ಬರುತ್ತಿರಲಿಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಭೀಮಣ್ಣ ಗೇಟನ್ನೇ ನೋಡುತ್ತ ನಿಂತು, ಕೆಲಸ ಮುಗಿಸಿ ಬರುವ ನಾವು ನಾಲ್ಕು ಜನ ಓಡಿಬರುವುದು ಕಂಡ ಮೇಲೇ ಗಂಟೆ ಬಾರಿಸುತ್ತಿದ್ದ. ಪ್ರಿನ್ಸಿಪಾಲರು ಗದರಿದರೆ, "ನಿಮ್ಮ ಗಡಿಯಾರ ಮುಂದ ಓಡಾಕತ್ತೈತ್ರಿ ಸಾಹೇಬ್ರ" ಎನ್ನುತ್ತಿದ್ದ. ನಾನು ವಕೀಲನಾದದ್ದು ಹೀಗೆ.

ಉತ್ಸವ ಸಮಿತಿಯ ಕಾರ್ಯದರ್ಶಿಗೆ ಫೋನ್ ಮಾಡಿ ಹರಿಹಾಯ್ದೆ. "ಪ್ಯೂನ್‌ಗಳ ಹೆಸರು ಹಾಕೋಕೆ ಜಾಗ ಎಲ್ಲಿದೆ ಸಾರ್? ಐದು ನಿಮಿಷ ಕೊಡ್ತೀವಿ, ನೀವೇ ಹೇಳಿಬಿಡಿ" ಎಂದ. ಭೀಮಣ್ಣನ ಮನೆಗೇ ಹೋಗಿ, "ಸ್ಟೇಜಿನ ಮ್ಯಾಲೆ ನಿಮ್ಮ ಹೆಸರು ಹೇಳ್ತೀನಿ, ಬರಬೇಕ್ರಿ" ಎಂದೆ. "ಅಲ್ಲಿ ನನ್ನ ಹೆಸರು ಯಾಕ್ರಿ?" ಎಂದು ನಾಚಿಕೊಂಡ. ಆದರೂ ಇಸ್ತ್ರಿ ಅಂಗಿ ತೊಟ್ಟು, ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ ಮಗಳನ್ನು ಕ್ಲಾಸು ತಪ್ಪಿಸಿ ಕರೆತಂದ.

ಅತಿಥಿ ಎರಡು ತಾಸು ತಡವಾಗಿ ಬಂದ. ಇನ್ನು ವಕೀಲರ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡುತ್ತದೆಂದು ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸಿ ಹೊರಟುಹೋದ. ನನಗೆ ಪಿತ್ತ ನೆತ್ತಿಗೇರಿತು. ಕೊನೆಗೆ ನನ್ನನ್ನು ಕರೆದಾಗ, ಮೈಕು ಹಿಡಿದವನೇ ಹೋದವನನ್ನು ಬೈದೆ, ಇದ್ದ ಕಾರ್ಯದರ್ಶಿಯನ್ನು ಜಾಡಿಸಿದೆ, ಉಪಕಾರ ಸ್ಮರಣೆಯಿಲ್ಲದ ಈ ಕಾಲಕ್ಕೇ ಛೀಮಾರಿ ಹಾಕಿದೆ. ಚಪ್ಪಾಳೆಯೋ ಚಪ್ಪಾಳೆ! ಕೇಸು ಗೆದ್ದ ಖುಷಿಯಲ್ಲಿ ಬೆವರೊರೆಸಿಕೊಳ್ಳುತ್ತ ಹಿಂದಿನ ಸಾಲಿಗೆ ಬಂದೆ.

"ಭಾಳ ಚೊಲೊ ಮಾತಾಡಿದ್ರಿ ಸಾಹೇಬ್ರ" ಎಂದು ಭೀಮಣ್ಣ ಕೈಮುಗಿದ. ಮಗಳು ಮಾತ್ರ ಕುತ್ತಿಗೆ ಚಾಚಿ ಇನ್ನೂ ವೇದಿಕೆಯನ್ನೇ ನೋಡುತ್ತಿದ್ದಳು.

"ಅಂಕಲ್, ಅಪ್ಪನ ಹೆಸರು ಯಾರು ಹೇಳ್ತಾರ್ರಿ?"

ಮೈಕಿನವನು ಆಗಲೇ ವೈರು ಸುತ್ತುತ್ತಿದ್ದ. ಕಾರ್ಯದರ್ಶಿಗೆ ಜಾಗವಿಲ್ಲವೆಂಬ ನೆಪವಾದರೂ ಇತ್ತು. ಐದಕ್ಕೆ ಐದೂ ನಿಮಿಷ ಕೈಯಲ್ಲಿದ್ದ ನನಗೆ ಏನಿತ್ತು?