ಶಾಶ್ವತ ಸಂಖ್ಯೆಗೆ ಒಂದು ಬೋಣಿ

ನೆರೂಳದ ನಮ್ಮ ಕಾಲೇಜಿನಲ್ಲಿ ಶಾಶ್ವತ ಸಂಖ್ಯೆಗಳ ಬಗ್ಗೆ ನನ್ನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಈಗ ಬೇರೆ ಯಾರೂ ಹೇಳುವುದಿಲ್ಲ.

ಪ್ರತಿಯೊಂದು ಸಂಶೋಧನಾ ಯೋಜನೆಗೂ ಒಂದು ಶಾಶ್ವತ ಸಂಖ್ಯೆ ಇರಬೇಕು, ಅದರ ಜೊತೆ ಹೆಸರು, ಮುಖ್ಯಸ್ಥರು, ಸಂಸ್ಥೆ, ವಿವರಣೆ ಎಲ್ಲವೂ ನಿಯಮದ ಪ್ರಕಾರ ದಾಖಲಾಗಬೇಕು ಎಂದು ಮೇಲಿನಿಂದ ಆದೇಶ ಬಂತು. ಸಂಶೋಧನೆಯೂ ಇರಬೇಕು ಎಂಬ ಆದೇಶ ಮಾತ್ರ ಇನ್ನೂ ಬಂದಿಲ್ಲ. ಪ್ರಾಂಶುಪಾಲರು ನನ್ನನ್ನೇ ಉಸ್ತುವಾರಿ ಮಾಡಿದರು. ನಾನು ಸ್ಟಾಫ್‌ರೂಮಿನಲ್ಲಿ ಭಾಷಣ ಬಿಗಿದೆ.

"ನಾವು ಐರೋಲಿಯಿಂದ ನೆರೂಳಕ್ಕೆ ಮನೆ ಬದಲಿಸಿದಾಗ ಗ್ಯಾಸಿನವನಿಗೆ ನಾವು ಸಿಗಲೇ ಇಲ್ಲ. ಈ ಸಂಖ್ಯೆಗೆ ಆ ಗತಿ ಇಲ್ಲ. ವೆಬ್‌ಸೈಟ್ ಎಲ್ಲಿಗೆ ಹೋದರೂ ಯೋಜನೆ ಸಿಗುತ್ತದೆ. ಒಮ್ಮೆ ಕೊಟ್ಟದ್ದನ್ನು ಅಳಿಸಲು ಬ್ರಹ್ಮನಿಂದಲೂ ಆಗದು."

ಎಲ್ಲರೂ ಸಮೋಸಾ ತಿನ್ನುತ್ತಾ ತಲೆಯಾಡಿಸಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ನಾನೂ ಕೇಳಿಸಿಕೊಂಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನನ್ನದೂ ಒಂದು ಯೋಜನೆಯಿತ್ತು: ಐರೋಲಿ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕೆಸರಿನಲ್ಲಿ ಸೀಸ, ತಾಮ್ರ ಎಷ್ಟಿದೆ ಎಂಬ ಅಧ್ಯಯನ. ವರ್ಷಗಟ್ಟಲೆ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದೆ. ಬಡ್ತಿಯ ಸಂದರ್ಶನ ಎದುರಿಗಿತ್ತು. ಸಂಖ್ಯೆ ಇಲ್ಲದಿದ್ದರೆ ಅಷ್ಟೂ ಕೆಸರು ನೀರಿನಲ್ಲಿ ಹೋಮ.

ಇಲ್ಲಿ ನಮ್ಮ ಮನೆಯ ಪದ್ಧತಿಯೊಂದನ್ನು ಹೇಳಬೇಕು. ಅಪ್ಪ ಡೊಂಬಿವಲಿಯಲ್ಲಿ ಹೋಟೆಲ್ ನಡೆಸುತ್ತಿದ್ದರು. ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಕೈಗುಣ ಇದ್ದವರಿಂದಲೇ ಆಗಬೇಕು ಎಂಬುದು ಅವರ ನಂಬಿಕೆ. ನಮ್ಮ ಮನೆಯಲ್ಲಿ ಕೈಗುಣ ಇರುವುದು ನನ್ನ ಹೆಂಡತಿ ಸುಜಾತಳಿಗೆ. ಅವಳು ಮನೆಯಲ್ಲೇ ಇಡ್ಲಿ ಹಿಟ್ಟು ರುಬ್ಬಿ ಮಾರುತ್ತಾಳೆ. ಆ ಹಿಟ್ಟು ಉಬ್ಬದ ದಿನವಿಲ್ಲ.

"ಸುಜಾತಾ, ಒಂದು ಬೋಣಿ ಮಾಡಿಕೊಡು. ಸುಮ್ಮನೆ ಸ್ಯಾಂಪಲ್. ಆಮೇಲೆ ಅಳಿಸಿ ನನ್ನದು ತುಂಬುತ್ತೇನೆ," ಎಂದು ಲ್ಯಾಪ್‌ಟಾಪ್ ಹಿಡಿದೆ.

"ನನ್ನ ಕೈಯಲ್ಲಿ ಹಿಟ್ಟು ಉಂಟು ಮಾರಾಯ್ರೆ."

"ಶುಭ."

ಅನುದಾನದ ಸಂಖ್ಯೆ ಇಲ್ಲದೆ ಪುಟ ಮುಂದೆ ಹೋಗುತ್ತಿರಲಿಲ್ಲ. ನನ್ನ ಕೆಸರಿನ ಯೋಜನೆಯದನ್ನೇ ಹಾಕಿದೆ. ಯೋಜನೆಯ ಹೆಸರು: ಬೋಣಿ. ಮುಖ್ಯ ಸಂಶೋಧಕಿ: ಸುಜಾತಾ. ಸಂಸ್ಥೆ: ಹಿಟ್ಟಿನ ವ್ಯಾಪಾರ. ವಿವರಣೆ: ಮೆತ್ತಗಿನ ಇಡ್ಲಿ, ಭಾನುವಾರ ರಜೆ. ಅವಳು ಕಿರುಬೆರಳಿನಲ್ಲಿ ಹಸಿರು ಗುಂಡಿ ಒತ್ತಿದಳು. ತಕ್ಷಣ ಸಂಖ್ಯೆ ಬಂತು. ಏನು ಕೈಗುಣ!

ಅಳಿಸುವ ಗುಂಡಿ ಹುಡುಕಿದೆ. ಇರಲಿಲ್ಲ.

ಮಗಳು ಹಿಂದಿನಿಂದ ಇಣುಕಿದಳು. "ಪಪ್ಪಾ, ಯೇ ತೋ ಪರ್ಮನೆಂಟ್ ಹೈ. ಡಿಲೀಟ್ ನಹೀ ಹೋಗಾ."

"ಬ್ರಹ್ಮನಿಂದಲೂ ಆಗುದಿಲ್ಲ ಅಂತ ನೀವೇ ಹೇಳಿದ್ದಲ್ವಾ?" ಎಂದಳು ಸುಜಾತಾ. ಆ ಭಾಷಣವನ್ನು ನಾನು ಮನೆಯಲ್ಲಿ ಅಭ್ಯಾಸ ಮಾಡಬಾರದಿತ್ತು.

ನನ್ನ ಯೋಜನೆಯನ್ನು ಹೊಸದಾಗಿ ತುಂಬಿದೆ. ಈ ಅನುದಾನದ ಯೋಜನೆ ಈಗಾಗಲೇ ದಾಖಲಾಗಿದೆ ಎಂದು ಕೆಂಪಕ್ಷರ ಮೂಡಿತು. ಪ್ರಾಂಶುಪಾಲರ ಬಳಿಗೆ ಓಡಿದೆ.

"ನಂಬರ್ ಆಲಾ ನಾ? ಬಸ್," ಎಂದರು ಅವರು. ನಂಬರ್ ಬಂತಲ್ಲ, ಅಷ್ಟು ಸಾಕು, ಒಳಗೇನಿದೆ ಎಂದು ಯಾರೂ ನೋಡುವುದಿಲ್ಲ ಎಂದು ಧೈರ್ಯವನ್ನೂ ಹೇಳಿದರು.

ಸಂದರ್ಶನದಲ್ಲಿ ನೋಡಿದರು. ಅದೂ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ.

"ಯೇ ಸುಜಾತಾ ಮೇಡಮ್ ಕೌನ್ ಹೈ?" ಎಂದರು ಸಮಿತಿಯ ಹಿರಿಯರು.

"ಮೇರಿ ವೈಫ್, ಸರ್."

"ಔರ್ ಆಪ್?"

ದಾಖಲೆಯಲ್ಲಿ ನನ್ನ ಹೆಸರೇ ಇರಲಿಲ್ಲ. ವರ್ಷಗಟ್ಟಲೆ ನಿಂತ ಕೆಸರೆಲ್ಲ ನೆನಪಾಯಿತು. ಮಾಹಿತಿ ಬಹಳ ಪೂರ್ಣವಾಗಿದೆ, ವಾರದ ರಜೆ ಕೂಡ ಬಿಟ್ಟಿಲ್ಲ ಎಂದು ಅವರು ಹೊಗಳಿದರು. ತಿದ್ದಿಸಿಕೊಂಡು ಮುಂದಿನ ಸಲ ಬನ್ನಿ ಎಂದರು.

ತಿದ್ದಲು ಮುಖ್ಯ ಸಂಶೋಧಕಿಯ ಒಪ್ಪಿಗೆ ಬೇಕಂತೆ. ನಾನು ಹಾಕಿದ ಮನವಿ ಸುಜಾತಳ ಫೋನಿಗೆ ಬಂತು.

"ಕೆಸರಿನ ಹೆಸರು ಹಾಕುವಾ, ನಿಮ್ಮನ್ನೂ ಸೇರಿಸುವಾ," ಎಂದಳು. "ನನ್ನ ಹೆಸರು ಅಲ್ಲೇ ಇರಲಿ, ಬೋಣಿ ಮಾಡಿದ್ದು ನಾನಲ್ವಾ? ನಿಮ್ಮ ಕೆಲಸ ಎಂತ ಅಂತ ಕೇಳ್ತದೆ ಇದು."

"ಮುಖ್ಯ..." ಎನ್ನುವಷ್ಟರಲ್ಲಿ ಅವಳ ಕಿರುಬೆರಳು ಹಸಿರು ಗುಂಡಿಯ ಮೇಲಿತ್ತು.

ಈಗ ನಾನು ಆ ಯೋಜನೆಯ ಶಾಶ್ವತ ಸಹಾಯಕ. ಖಾಡಿಯ ಮಟ್ಟಿಗೆ ಅದು ಅನ್ಯಾಯ. ಆದರೆ ದಿನವೂ ಉದ್ದು ತೊಳೆದು ನೆನೆ ಹಾಕುವವನು ನಾನೇ ಆದ್ದರಿಂದ, ಮನೆಯ ಮಟ್ಟಿಗೆ ಆ ಮಾಹಿತಿಯಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.