ಕಣ್ಣು ಮುಚ್ಚಿ ಮಾಡಿದ ಪಾಲಿಶ್

ಕಾರಿಗೆ ಪಾಲಿಶ್ ಮಾಡುವ ಯಂತ್ರವೊಂದನ್ನು ಆರಿಸುವುದು ಅಂಥ ಘನಂದಾರಿ ಕೆಲಸವೇನಲ್ಲ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ, ಅದರಲ್ಲೂ ವೃತ್ತದ ಪಾಠವನ್ನು ಪುಸ್ತಕವಿಲ್ಲದೆ ಹೇಳಬಲ್ಲವನಿಗೆ, ಗರಗರ ತಿರುಗುವ ಒಂದು ಯಂತ್ರ ಯಾವ ಲೆಕ್ಕ? ಹೀಗೆಂದು ನಾನು ಮನಸಾರೆ ನಂಬಿದ್ದೆ.

ಕಾರು ನಮ್ಮದು, ಅಂದರೆ ಮಾವನವರದು. ಖಾನಾಪುರದ ನಮ್ಮ ಮಾವ ಆ ಮರೂನ್ ಬಣ್ಣದ ಕಾರನ್ನು ಹದಿನಾಲ್ಕು ವರ್ಷ ಒಂದು ಗೀರು ಬೀಳದಂತೆ ನೋಡಿಕೊಂಡಿದ್ದರು. ಕಣ್ಣಿಗೆ ಪೊರೆ ಬಂದು, ಎದುರಿಗೆ ಬರುವ ಎಮ್ಮೆಯೂ ಬಸ್ಸೂ ಒಂದೇ ತರಹ ಕಾಣತೊಡಗಿದ ಮೇಲೆ ಕೀಲಿಕೈಯನ್ನು ಮಗಳ ಕೈಗೆ ಕೊಟ್ಟರು. ನನ್ನ ಕೈಗಲ್ಲ! ನನ್ನ ಕೈಗಳ ಬಗ್ಗೆ ಅವರಿಗೆ ಮದುವೆಯಾದ ವರ್ಷದಿಂದಲೇ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅವರ ಮನೆಯ ನಲ್ಲಿ ರಿಪೇರಿ ಮಾಡಲು ಹೋಗಿ ಓಣಿಗೆಲ್ಲ ನೀರು ಹರಿಸಿದ್ದೆ.

ಎರಡು ವರ್ಷ ಆ ಕಾರನ್ನು ನಾನು ಮಹಾಂತೇಶ ನಗರದ ನಮ್ಮ ಮನೆಯಿಂದ ಖಾನಾಪುರದ ನನ್ನ ಶಾಲೆಗೆ ಓಡಿಸಿದೆ. ಪ್ರತಿ ಭಾನುವಾರ ಪ್ರೀತಿಯಿಂದ ತೊಳೆದೆ, ಪಾತ್ರೆ ತಿಕ್ಕುವ ಜಾಲರಿಯಿಂದ. ಬಣ್ಣ ಮಸುಕಾಯಿತು, ಬಿಸಿಲಲ್ಲಿ ನೋಡಿದರೆ ಮೈತುಂಬ ಸುತ್ತುಸುತ್ತಿನ ಗೀರುಗಳು ಕಾಣುತ್ತಿದ್ದವು. ಮಾವನವರಿಗೆ ಮಾತ್ರ ಅವು ಕಾಣುತ್ತಿರಲಿಲ್ಲ, ಹೀಗಾಗಿ ನಾನೂ ನೆಮ್ಮದಿಯಿಂದಿದ್ದೆ.

ಆಗ ಅವರ ಕಣ್ಣಿನ ಆಪರೇಷನ್ ಆಯಿತು!

"ಐತವಾರ ಕರೇ ಚಸ್ಮಾ ತಗೀತೀನವ್ವಾ," ಎಂದು ಮಗಳಿಗೆ ಫೋನು ಮಾಡಿದರು. "ತಗದ ಕೂಡ್ಲೆ ಮೊದಲ ನನ್ನ ಕಾರ ನೋಡಬೇಕು. ಆಮ್ಯಾಲೆ ಅದರಾಗ ಕುಂತು ಹಲಸಿ ಗುಡಿಗೆ ಹೋಗೂಣು."

ಹೆಂಡತಿ ಶೈಲಾ ಫೋನಿಟ್ಟು ಹೊರಗೆ ಬಂದಳು. ಬಾನೆಟ್ಟಿನ ಮೇಲೆ ಬೆರಳಾಡಿಸಿದಳು. "ಅಪ್ಪ ಎರಡ ವರ್ಷ ಕತ್ತಲಾಗ ಕುಂತಾನ್ರಿ. ಕಣ್ಣ ಬಂದ ದಿನಾನ ಇದನ್ನ ನೋಡಿ ಮಾರಿ ಸಣ್ಣದು ಮಾಡಿದ್ರ ನನಗ ತಡಕೊಳ್ಳಾಕ ಆಗೂದಿಲ್ಲ," ಎಂದಳು.

"ನಾ ಅದೀನಲ್ಲ!" ಎಂದೆ. ಅವಳ ಮುಖ ಇನ್ನಷ್ಟು ಸಣ್ಣದಾಯಿತು.

ಆ ವಾರವೆಲ್ಲ ನಾನು ಕನಸಿನಲ್ಲಿಯೇ ಇದ್ದೆ. ಮೊಬೈಲಿನಲ್ಲಿ ಪಾಲಿಶ್ ಮಾಡುವವರ ವಿಡಿಯೋ ಹಚ್ಚಿಕೊಂಡು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮೆತ್ತನೆಯ ಸ್ಪಂಜು ತಿರುಗುತ್ತದೆ, ಮಂಜು ಕರಗಿದ ಹಾಗೆ ಮಸುಕು ಕರಗುತ್ತದೆ, ಒಳಗಿನಿಂದ ಬಣ್ಣ ಎದ್ದು ಬರುತ್ತದೆ. ಹತ್ತನೆಯ ತರಗತಿಯಲ್ಲಿ ಸ್ಪರ್ಶಕ ಎಳೆಯುತ್ತ ನಿಂತಾಗಲೂ ನನಗೆ ಕಾಣುತ್ತಿದ್ದುದು ಹಲಸಿಯ ದಾರಿ, ಸಾಗವಾನಿ ಮರಗಳ ನೆರಳು, ಆ ನೆರಳೆಲ್ಲ ಹರಿದುಹೋಗುವ ನಮ್ಮ ಬಾನೆಟ್ಟು. ಮಕ್ಕಳು ಮೂರು ಸಲ "ಸರ್" ಎಂದು ಕರೆದರೆ ಒಂದು ಸಲ ಎಚ್ಚರಾಗುತ್ತಿತ್ತು.

ಬಾಜೂ ಮನೆಯ ಇಮ್ತಿಯಾಜ್ ಸಾಹೇಬರು ಮೂವತ್ತು ವರ್ಷ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದವರು. "ನಾ ಬಂದು ಮಾಡಿಕೊಡ್ತೀನಿ ಮಾಸ್ತರ್," ಎಂದರು. ಬೇಡವೆಂದೆ. ಸ್ವಹಸ್ತದಿಂದ ಮಾಡಿದೆನೆಂದು ಮಾವನವರ ಮುಂದೆ ಹೇಳುವ ಆಸೆ ನನ್ನದು.

"ಹಂಗಾರ ಒಂದ ಮಾತ ಕೇಳ್ರಿ. ಈಗ ಡಿಎ ಬಂದೈತಲ್ರೀ? ಡಿಎ ತಗೋರಿ. ಡಿಎ ಇದ್ರ ಚಿಂತೀನ ಇಲ್ಲ," ಎಂದರು ಸಾಹೇಬರು.

ಸರಕಾರಿ ಮಾಸ್ತರನ ಕಿವಿಗೆ ಡಿಎ ಎಂದರೆ ಒಂದೇ ಅರ್ಥ: ತುಟ್ಟಿಭತ್ಯೆ. ಅದು ಬಂದದ್ದೂ ಖರೇ, ಹೋದ ವಾರವೇ ಸುದ್ದಿಯಾಗಿತ್ತು. ನೆರೆಮನೆಯವರ ಸಂಬಳದ ಬಗ್ಗೆ ಇವರಿಗೆ ಇಷ್ಟೊಂದು ಕಳಕಳಿಯೇ ಎಂದು ನನ್ನ ಹೃದಯ ತುಂಬಿ ಬಂತು.

ಮರುದಿನ ಯಂತ್ರದ ಅಂಗಡಿಗೆ ಹೋದೆ. ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು ಹಗುರ, ಇನ್ನೊಂದು ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಹಗುರದ್ದನ್ನು ಚಾಲೂ ಮಾಡಿ ತೋರಿಸಿದ. ಅದರ ತಟ್ಟೆ ತನ್ನ ಸುತ್ತ ತಾನೂ ತಿರುಗುತ್ತಿತ್ತು, ಜೊತೆಗೆ ಅತ್ತಿತ್ತ ಓಲಾಡುತ್ತಲೂ ಇತ್ತು.

"ಇದ್ಯಾಕ ಹಿಂಗ ಅಲ್ಲಾಡತೈತಿ? ಬಿಗಿ ಇಲ್ಲೇನು?"

"ಅದು ಅಲ್ಲಾಡಬೇಕ್ರಿ ಸರ. ಮನಿಗೆ ಇದ ಬೇಷ್. ಆ ದೊಡ್ಡದು ಗ್ಯಾರೇಜಿನವರು ಒಯ್ತಾರ. ಕೈ ಕುಂತಿಲ್ಲಂದ್ರ ಬಣ್ಣ ಸುಡತೈತಿ."

ನಾನು ಕನ್ನಡಕ ಸರಿಪಡಿಸಿಕೊಂಡೆ. "ನೋಡ್ರಿ, ನಾನು ಗಣಿತದ ಮಾಸ್ತರ. ಕೇಂದ್ರಬಿಂದು ಜಾಗಾ ಬಿಟ್ಟು ಅಡ್ಡಾಡಿದ್ರ ಅದು ವೃತ್ತ ಅನ್ನಿಸಿಕೊಳ್ಳೂದಿಲ್ಲ. ಮಕ್ಕಳು ಹಂಗ ತಗದ್ರ ನಾ ಸೊನ್ನಿ ಹಾಕ್ತೀನಿ."

"ಬರೋಬ್ಬರಿ ಐತ್ರಿ, ಆದ್ರ..."

"ದೊಡ್ಡದ ಕಟ್ರಿ!"

ಆತ ನನ್ನನ್ನೊಮ್ಮೆ ನೋಡಿದ, ಮುಗುಳ್ನಕ್ಕ, ಕಟ್ಟಿಕೊಟ್ಟ. ಇಪ್ಪತ್ತೆರಡು ವರ್ಷಗಳ ಗಣಿತಜ್ಞಾನ ಇಂದು ಉಪಯೋಗಕ್ಕೆ ಬಂತೆಂದು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಶನಿವಾರ ಮಧ್ಯಾಹ್ನ ಅಂಗಿ ಕಳಚಿ, ಬರೀ ಬನಿಯನ್ನಿನಲ್ಲಿ ನಿಂತೆ. "ಶೈಲಾ, ಈಗ ಮೊದಲ ಕಂಪೌಂಡ್ ಹಚ್ಚತೀನಿ," ಎಂದು ಕೂಗಿದೆ. ಪಾಲಿಶಿನ ಮುಲಾಮಿಗೆ ಕಂಪೌಂಡ್ ಎನ್ನುತ್ತಾರೆಂದು ವಿಡಿಯೋದಲ್ಲಿ ಕಲಿತಿದ್ದೆ.

ಅವಳು ಒಳಗಿನಿಂದ ಓಡಿ ಬಂದಳು. "ಕಡೀಕೂ ಮನಸ ಮಾಡಿದ್ರೀ! ಕಂಪೌಂಡಿಗೆ ಸುಣ್ಣ ಹಚ್ರಿ ಅಂತ ಎರಡ ವರ್ಷ ಆತು ಬಡಕೊಳ್ಳಾಕತ್ತು." ಸುತ್ತಲಿನ ಗೋಡೆಯನ್ನು ಆಸೆಯಿಂದ ನೋಡಿದಳು. ವಿಷಯ ತಿಳಿದ ಮೇಲೆ ತಿರುಗಿ ಅಡಿಗೆಮನೆಗೆ ಹೋದಳು.

ಅಷ್ಟರಲ್ಲಿ ಕಾಕತಿ ಊರಿನ ತಮ್ಮ ಮಗಳ ಮನೆಗೆ ಹೋಗಿದ್ದ ಇಮ್ತಿಯಾಜ್ ಸಾಹೇಬರ ಫೋನು.

"ಚಾಲೂ ಮಾಡಿದ್ರೇನ್ ಮಾಸ್ತರ್? ಡಿಎ ತಗೊಂಡ್ರಿ?"

"ತಗೊಂಡೆ ಸಾಹೇಬ್ರ. ಪೂರ್ತಿ ತಗೊಂಡೆ!"

"ವಾಹ್! ಹಂಗಾರ ಬೇಫಿಕರ್ ಹೊಡೀರಿ. ಡಿಎ ಇದ್ರ ಬಣ್ಣ ಸುಡೂ ಮಾತ ಇಲ್ಲ. ಕಣ್ಣ ಮುಚ್ಚಿ ನಡಸ್ರಿ."

ತುಟ್ಟಿಭತ್ಯೆಗೂ ಬಣ್ಣ ಸುಡುವುದಕ್ಕೂ ಏನು ಸಂಬಂಧ? ಒಂದು ಕ್ಷಣ ಅನುಮಾನ ಬಂತು. ಹಿರಿಯರ ಆಶೀರ್ವಾದದ ಮಾತಿರಬೇಕೆಂದು ಬಿಟ್ಟುಬಿಟ್ಟೆ.

ಬಾನೆಟ್ಟಿನ ನಡುವೆ ಮುಲಾಮು ಸುರಿದು ಗುಂಡಿ ಒತ್ತಿದೆ. ಯಂತ್ರ ಹುಲಿಯ ಹಾಗೆ ಗರ್ಜಿಸಿತು! ಅರ್ಧ ಮುಲಾಮು ಹಾರಿ ನನ್ನ ಕನ್ನಡಕದ ಮೇಲೆ, ಇನ್ನರ್ಧ ತಂತಿಯ ಮೇಲೆ ಒಣಗುತ್ತಿದ್ದ ಶೈಲಾಳ ಸೀರೆಯ ಮೇಲೆ. ಯಂತ್ರ ನನ್ನನ್ನು ಎಡಕ್ಕೆಳೆಯಿತು, ಬಲಕ್ಕೆಳೆಯಿತು. ಕೊನೆಗೆ ಹೊಟ್ಟೆ ಒತ್ತಿ, ಕಾಲು ಅಗಲಿಸಿ, ಅದನ್ನು ಒಂದೇ ಕಡೆ ಭದ್ರವಾಗಿ ಹಿಡಿದೆ. ಆಗ ಅದು ಶಾಂತವಾಯಿತು.

ಆಹಾ, ಏನು ಸುಖ! ಗುಂಯ್ಯೆನ್ನುವ ಒಂದೇ ಸ್ವರ. ಮಧ್ಯಾಹ್ನದ ಬಿಸಿಲು ಬೆನ್ನಿಗೆ ಹಿತವಾಗಿತ್ತು. ಕನ್ನಡಕಕ್ಕೆ ಮೆತ್ತಿದ ಮುಲಾಮಿನಿಂದ ಜಗತ್ತೆಲ್ಲ ಬೆಳ್ಳಗೆ ತೇಲುತ್ತಿತ್ತು. ಸಾಹೇಬರು ಹೇಳಿದ್ದರಲ್ಲ, ಕಣ್ಣು ಮುಚ್ಚಿದೆ. ಹಲಸಿಯ ದಾರಿ ತಾನಾಗಿ ತೆರೆದುಕೊಂಡಿತು. ಬಾನೆಟ್ಟಿನೊಳಗೆ ಮೋಡಗಳು ಹೊರಟಿದ್ದವು, ಅವುಗಳ ನಡುವೆ ಹಳೆಯ ಗುಡಿಯ ಕಲ್ಲಿನ ಶಿಖರ ತಲೆಕೆಳಗಾಗಿ ನಿಂತಿತ್ತು. ಮಾವನವರು ಕಪ್ಪು ಕನ್ನಡಕ ತೆಗೆದು, ನನ್ನ ಎರಡೂ ಕೈ ಹಿಡಿದು, "ಅಳಿಯಾ, ಇವು ಕೈ ಅಲ್ಲಪಾ..." ಎನ್ನುತ್ತಿದ್ದರು.

"ಏನೋ ಸುಟ್ಟ ವಾಸನಿ ಬರಾಕತ್ತೈತಿ ನೋಡ್ರಿ!" ಎಲ್ಲಿಂದಲೋ ಶೈಲಾಳ ದನಿ.

"ನಿನ್ನ ಒಲಿ ನೋಡು!" ಎಂದೆ ಕನಸಿನೊಳಗಿನಿಂದಲೇ.

"ಒಲಿ ಹಚ್ಚೇ ಇಲ್ರೀ!"

ಕಣ್ಣು ಬಿಟ್ಟೆ. ಯಂತ್ರ ಎತ್ತಿದೆ. ಬಾನೆಟ್ಟಿನ ನಟ್ಟನಡುವೆ ಮರೂನ್ ಬಣ್ಣ ಮಾಯವಾಗಿ, ಚಪಾತಿಯಷ್ಟಗಲ, ಬಣ್ಣದ ಕೆಳಗಿನ ಬೆಳ್ಳನೆಯ ಅಸ್ತರು ಎದ್ದು ಕೂತಿತ್ತು. ಕೇಂದ್ರಬಿಂದು ಒಂದು ಕೂದಲೆಳೆಯಷ್ಟೂ ಜರುಗಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಪರಿಪೂರ್ಣ ವೃತ್ತವನ್ನು ನಾನು ತೆಗೆದೇ ಇರಲಿಲ್ಲ!

ಗಾಬರಿಯಲ್ಲಿ ಶೈಲಾಳ ಮರೂನ್ ಉಗುರುಬಣ್ಣದ ಶೀಶೆ ತಂದು ಬಳಿದೆ. ಅದು ಆಗತಾನೇ ಆದ ಗಾಯದ ಹಾಗೆ ಕಂಡಿತು. ಉಗುರುಬಣ್ಣ ತೆಗೆಯುವ ನೀರು ಹಾಕಿ ಒರೆಸಿದೆ. ಉಗುರುಬಣ್ಣದ ಜೊತೆ ಸುತ್ತಲಿನ ಉಳಿದ ಬಣ್ಣವೂ ಬಟ್ಟೆಗೆ ಬಂತು. ಚಪಾತಿ ಈಗ ಜೋಳದ ರೊಟ್ಟಿಯಾಯಿತು.

ಸಾಹೇಬರಿಗೆ ಫೋನು ಮಾಡಿದೆ. "ಡಿಎ ಇದ್ರ ಸುಡೂದಿಲ್ಲ ಅಂದ್ರಿ!"

"ಖರೇನ ಸುಡೂದಿಲ್ಲ. ನೀವು ತಗೊಂಡಿದ್ದು ಅಲ್ಲಾಡತಿತ್ತೇನು?"

"ಛೆ, ಛೆ! ಅಲ್ಲಾಡೂದನ್ನ ಬಿಟ್ಟು ಬಂದೀನಿ."

"ಯಾ ಅಲ್ಲಾ! ಮಾಸ್ತರ್, ಅದ ಡಿಎ! ಡ್ಯುಯಲ್ ಆಕ್ಷನ್! ಎರಡ ಚಾಲಿನ ಮಷಿನ್! ನೀವು ಯಾ ಡಿಎ ತಗೊಂಡ್ರಿ?"

ನಾನು ತಟ್ಟನೆ ಮಾತು ಹೊರಳಿಸಿ, ಈಗ ಮುಂದೇನೆಂದು ಕೇಳಿದೆ. ಹೊಸದಾಗಿ ಬಣ್ಣ ಹೊಡೆಯಲು ಮೂರು ದಿನ ಬೇಕೆಂದರು. ನನ್ನ ಹತ್ತಿರ ಇದ್ದದ್ದು ಒಂದು ರಾತ್ರಿ. ಶೈಲಾ ಬೈಯಲಿಲ್ಲ. ಬಾನೆಟ್ಟಿನ ಮುಂದೆ ಕುಕ್ಕರಿಸಿ ಕೂತು, "ನಾಳೆ ಅಪ್ಪಗ ಏನ್ ತೋರಸೂದ್ರಿ?" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಭಾನುವಾರ ಮುಂಜಾನೆ ದೊಡ್ಡ ಚೆಂಡುಹೂವಿನ ಹಾರ ತಂದು ಕಲೆ ಮುಚ್ಚುವಂತೆ ಬಾನೆಟ್ಟಿನ ಮೇಲೆ ಹರಡಿ, ದಾರದಿಂದ ಕಟ್ಟಿದೆ. ಮದುಮಗನಿಲ್ಲದ ದಿಬ್ಬಣದ ಕಾರಿನಲ್ಲಿ ಇಬ್ಬರೂ ಖಾನಾಪುರ ಮುಟ್ಟಿದೆವು.

ಮಾವನವರು ಇಸ್ತ್ರಿಯಾದ ಧೋತರ ಉಟ್ಟು ಕಟ್ಟೆಯ ಮೇಲೆ ಕಾಯುತ್ತಿದ್ದರು. ಕಪ್ಪು ಕನ್ನಡಕ ತೆಗೆದು, ಮೊದಲು ಮಗಳ ಮುಖ ನೋಡಿ ಕಣ್ತುಂಬಿಕೊಂಡರು. ಆಮೇಲೆ ಕಾರಿನ ಹತ್ತಿರ ಬಂದರು.

"ಇದೇನೋ ಹೂವಿನ ಸಂತಿ? ತಗೀರಿ ಅತ್ತಾಗ. ನಾ ಕಾರ ನೋಡಬೇಕು," ಎಂದು ತಾವೇ ಹಾರವನ್ನು ಸರಿಸಿದರು.

ಮಾವನವರು ಬಾನೆಟ್ಟು ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಮುಖದ ಕಳೆ ಇಳಿಯಿತು. ತಡವರಿಸುತ್ತ ಕಟ್ಟೆಗೆ ಹೋಗಿ ಕೂತರು.

"ಶೈಲವ್ವಾ," ಎಂದರು ಸಣ್ಣ ದನಿಯಲ್ಲಿ, "ನಡುವ ಬೆಳ್ಳಗ ಗುಂಡಗ ಕಾಣಾಕತ್ತೈತಿ ಬೇ. ಮೊದಲಿನಂಗನ. ಕಣ್ಣಿನ ಪರದಾ ಇನ್ನೂ ಹೋಗಿಲ್ಲ. ಆಪರೇಷನ್ ಹಾಳಾತು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದ ಮೇಲೆ, ನಿಜ ಹೇಳುತ್ತೇನೆ, ಒಂದು ಕ್ಷಣ ಮನಸ್ಸಿಗೆ ಆಸೆ ಹುಟ್ಟಿತು. "ಹೌದೇನ್ರಿ ಮಾವಾ? ನಮಗೇನೂ ಕಾಣವಲ್ದಲ್ಲ," ಎಂದು ಒಂದು ಮಾತು ಹೇಳಿದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಅವರು ಕಪ್ಪು ಕನ್ನಡಕಕ್ಕಾಗಿ ಕಟ್ಟೆಯ ಮೇಲೆ ತಡಕಾಡುತ್ತಿದ್ದರು. ನನಗೇ ಅಳು ಬಂತು.

"ಮಾವಾ, ಅದು ನಿಮ್ಮ ಕಣ್ಣಾಗ ಇಲ್ರಿ. ಕಾರಿನ ಮ್ಯಾಲ ಐತಿ. ನಾನ ಮಾಡೀನಿ."

"ನನ್ನ ಸಮಾಧಾನಕ್ಕ ಹೇಳಬ್ಯಾಡಪಾ."

"ನಿಮ್ಮ ಆಣಿ! ಮಷಿನ್ ತಂದು, ಕಣ್ಣ ಮುಚ್ಚಿ, ಸುಟ್ಟೀನಿ!"

ಅವರು ಎದ್ದು ಬಂದು ಕಲೆಯ ಮೇಲೆ ಬೆರಳಿಟ್ಟರು. ಅಂಚಿನ ಗುಂಟ ನಿಧಾನಕ್ಕೆ ಒಂದು ಸುತ್ತು ಬಂದರು. "ಅಂಚು ಸೈತ ಕಾಣತೈತಿ!" ಎಂದರು. "ಇಲ್ಲಿ ಪಾತ್ರಿ ತಿಕ್ಕಿದಂಗ ತಿಕ್ಕಿದ ಗೀರು ಕಾಣತಾವು! ಇಲ್ಲಿ ಉಗುರುಬಣ್ಣ!" ಒಂದೊಂದೇ ಅಪರಾಧವನ್ನು ಹುಡುಕಿ ತೆಗೆಯುತ್ತ ಅವರ ಮುಖ ಅರಳುತ್ತ ಹೋಯಿತು. ಕೊನೆಗೆ ನನ್ನನ್ನು ತಬ್ಬಿಕೊಂಡು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಶೈಲಾ ಕಾರಿಗೆ ಒರಗಿ ನಿಂತು ಅಳುತ್ತಲೂ ನಗುತ್ತಲೂ ಇದ್ದಳು.

ಇಮ್ತಿಯಾಜ್ ಸಾಹೇಬರು ಬಣ್ಣ ಹೊಡೆದುಕೊಡಲು ಇಂದಿಗೂ ತಯಾರಿದ್ದಾರೆ. ಮಾವನವರು ಒಪ್ಪುತ್ತಿಲ್ಲ. ಖಾನಾಪುರದಲ್ಲಿ ಅವರ ಸರೀಕರು ಯಾರೇ ಕಣ್ಣಿನ ಆಪರೇಷನ್ ಮಾಡಿಸಿಕೊಂಡರೂ ಮೊದಲು ನಮ್ಮ ಬಾನೆಟ್ಟಿನ ಮುಂದೆ ತಂದು ನಿಲ್ಲಿಸುತ್ತಾರೆ. ನಾನು ಶಾಲೆಯಿಂದ ಹೊರಗೆ ಬಂದರೆ ಸಾಕು, ಕಾರಿನ ಸುತ್ತ ಮುದುಕರ ಗುಂಪು ಇರುತ್ತದೆ. ಮದುವೆಯಾದ ಈ ಹತ್ತೊಂಬತ್ತು ವರ್ಷಗಳಲ್ಲಿ ಮಾವನವರು ನನ್ನ ಕೈಕೆಲಸವನ್ನು ನಾಲ್ಕು ಜನರಿಗೆ ಕರೆದು ತೋರಿಸಿದ್ದು ಇದೇ ಮೊದಲು.

ಮೊನ್ನೆ ಅವರ ಗೆಳೆಯರೊಬ್ಬರು ಬಹಳ ಹೊತ್ತು ದಿಟ್ಟಿಸಿ, "ಏನೂ ಕಾಣವಲ್ದಲ್ಲೋ," ಎಂದರು.

"ನನ್ನ ಅಳಿಯಾ ಮಾಡಿದ ಕೆಲಸ ಕಾಣವಲ್ದೇನು?" ಎಂದು ಮಾವನವರು ಹೌಹಾರಿದರು. "ಹಂಗಾರ ನಿನ್ನ ಕಣ್ಣ ಪೂರಾ ಹೋಗ್ಯಾವು! ನಡಿ ದವಾಖಾನಿಗೆ!"